ಮೈನಸ್ ನಂಬರ್: ಮಗುವಿಗೆ ಬಂದರೆ ಏನು ಮಾಡಬೇಕು, ದೊಡ್ಡವರಿಗೆ ಏರಿದರೆ ಏನು ನೋಡಬೇಕು

ಬೋರ್ಡು ಕಾಣದ ಮಗು ತನಗೆ ಕಾಣುತ್ತಿಲ್ಲ ಎಂದು ಹೇಳುವುದಿಲ್ಲ. ಎಲ್ಲರಿಗೂ ಹೀಗೇ ಮಂಜುಮಂಜಾಗಿ ಕಾಣುತ್ತದೆ ಅಂದುಕೊಂಡಿರುತ್ತದೆ. ಪಕ್ಕದವರ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತದೆ, ಟಿ.ವಿ. ಮುಂದೆ ಹೋಗಿ ಕೂರುತ್ತದೆ, ಬಸ್ಸಿನ ಬೋರ್ಡು ಓದಲು ಕಣ್ಣು ಕಿರಿದು ಮಾಡುತ್ತದೆ. ಶಾಲೆಯಲ್ಲಿ ‘ಗಮನ ಇಲ್ಲ’ ಎಂಬ ದೂರು, ಮನೆಯಲ್ಲಿ ಬೈಗುಳ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಆಪ್ಟೋಮೆಟ್ರಿಸ್ಟ್ ಆಗಿ ಕಣ್ಣು ಪರೀಕ್ಷೆ ಮಾಡಿ ನಂಬರ್ ಬರೆದುಕೊಡುವುದು ನನ್ನ ಕೆಲಸ. ನನ್ನ ಮುಂದಿನ ಕುರ್ಚಿಯಲ್ಲಿ ಬಂದು ಕೂರುವ ಹೊತ್ತಿಗೆ ಎಷ್ಟೋ ಮಕ್ಕಳಿಗೆ ಮೈನಸ್ 2, ಮೈನಸ್ 3 ಆಗಿಹೋಗಿರುತ್ತದೆ. ಅಂದರೆ ಆ ಮಗು ಒಂದೆರಡು ವರ್ಷ ಕಾಣದೆಯೇ ಪಾಠ ಕೇಳಿದೆ. ಇದು ನನಗೆ ಬಹಳ ಸಂಕಟ ಕೊಡುವ ವಿಷಯ. ತಂದೆತಾಯಂದಿರು ಕೇಳುವ ಪ್ರಶ್ನೆಗಳಿಗೆ ಕುರ್ಚಿಯ ಪಕ್ಕ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಂಬರ್ ಅಂದರೆ ಕಣ್ಣಿನ ಉದ್ದದ ಲೆಕ್ಕ

ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಇರುತ್ತದೆ. ದೊಡ್ಡವರಾಗುವ ಹೊತ್ತಿಗೆ ಸುಮಾರು 24. ಕಣ್ಣಿನ ಮುಂದಿನ ಕಾರ್ನಿಯಾ ಮತ್ತು ಒಳಗಿನ ಮಸೂರ ಬೆಳಕನ್ನು ಬಾಗಿಸಿ ಹಿಂದಿನ ರೆಟಿನಾ ಎಂಬ ಪರದೆಯ ಮೇಲೆ ಸರಿಯಾಗಿ ಬೀಳಿಸಬೇಕು. ಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆದರೆ ದೂರದ ವಸ್ತುವಿನ ಬಿಂಬ ರೆಟಿನಾ ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ಇದನ್ನೇ ಮೈನಸ್ ನಂಬರ್ ಎನ್ನುತ್ತೇವೆ. ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಎರಡೂವರೆಯಿಂದ ಮೂರರಷ್ಟು ಮೈನಸ್ ನಂಬರ್. ಇಷ್ಟು ಸಣ್ಣ ಅಳತೆಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸ.

ಮೈನಸ್ ಗಾಜು ಮಾಡುವ ಕೆಲಸ ಬೆಳಕನ್ನು ಸ್ವಲ್ಪ ಹರಡಿ, ಬಿಂಬವನ್ನು ಹಿಂದಕ್ಕೆ ರೆಟಿನಾದವರೆಗೆ ತಳ್ಳುವುದು. ಅದು ಕಣ್ಣಿನ ಉದ್ದವನ್ನು ಬದಲಿಸುವುದಿಲ್ಲ. ಈ ಒಂದು ಮಾತು ತಲೆಯಲ್ಲಿ ಉಳಿದರೆ ಮುಂದಿನದೆಲ್ಲ ಸುಲಭ. ಮಗುವಿನ ಮೈನಸ್ ನಂಬರಿಗೆ ನಾವು ಎರಡು ಬೇರೆ ಬೇರೆ ಕೆಲಸ ಮಾಡಬೇಕು. ಇವತ್ತು ಸ್ಪಷ್ಟ ಕಾಣುವಂತೆ ಮಾಡುವುದು ಒಂದು. ಕಣ್ಣು ಉದ್ದ ಬೆಳೆಯುವ ವೇಗ ತಗ್ಗಿಸುವುದು ಇನ್ನೊಂದು. ಸಾಧಾರಣ ಕನ್ನಡಕ ಮೊದಲನೆಯದನ್ನು ಮಾತ್ರ ಮಾಡುತ್ತದೆ.

‘ಮೇಡಮ್ಮೋರೆ, ಈಗ್ಲೇ ಕನ್ನಡಕ ಹಾಕುದ್ರೆ ನಂಬ್ರು ಏರ್ತಾನೇ ಹೋಯ್ತದಂತಲ್ಲ?’ ಎಂದು ಅಜ್ಜಿಯರು ಕೇಳುತ್ತಾರೆ. ನಂಬರ್ ಏರುವುದು ನಿಜ, ಏಕೆಂದರೆ ಮಗು ಬೆಳೆಯುತ್ತಿದೆ. ವರ್ಷವರ್ಷ ಚಪ್ಪಲಿ ಸೈಜು ಏರುತ್ತದೆ, ಆದರೆ ಚಪ್ಪಲಿ ಹಾಕಿದ್ದರಿಂದ ಕಾಲು ಬೆಳೆಯಿತು ಅಂತ ಯಾರೂ ಹೇಳುವುದಿಲ್ಲ. ಹಾಗಾದರೆ ಸ್ವಲ್ಪ ಕಡಿಮೆ ನಂಬರ್ ಕೊಡಿ ಎನ್ನುವವರೂ ಇದ್ದಾರೆ. ಮಲೇಷ್ಯಾದಲ್ಲಿ ಮಕ್ಕಳಿಗೆ ಬೇಕೆಂದೇ ಕಡಿಮೆ ನಂಬರಿನ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಪೂರ್ತಿ ನಂಬರ್ ಹಾಕಿದ ಮಕ್ಕಳಿಗಿಂತ ಇವರ ನಂಬರೇ ಬೇಗ ಏರಿತ್ತು. ಹಾಗಾಗಿ ಚೀಟಿಯಲ್ಲಿ ಬರೆದಷ್ಟೂ ಹಾಕಿಸಿ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕು. ‘ಹೆಣ್ಣು ಮಗು, ಮುಂದೆ ಮದುವೆಗೆ ತೊಂದರೆ, ಕನ್ನಡಕ ಬೇಡ’ ಎಂದು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು ಹೋಗುವ ಅಪ್ಪಂದಿರು ಈಗಲೂ ಇದ್ದಾರೆ. ಆ ಹುಡುಗಿ ಎಸ್ಸೆಸ್ಸೆಲ್ಸಿಯವರೆಗೆ ಬೋರ್ಡು ಕಾಣದೆ ಓದಬೇಕು, ಎದುರಿಗೆ ಬರುವ ಬೈಕು ಕಾಣದೆ ರಸ್ತೆ ದಾಟಬೇಕು. ದಯವಿಟ್ಟು ಹೀಗೆ ಮಾಡಬೇಡಿ.

ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ

ನಮ್ಮ ಕಡೆ ಬಹಳ ಮನೆಗಳ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ ಇರುತ್ತದೆ. ಕಣ್ಣು ಚೆನ್ನಾಗಿರುವ ದೊಡ್ಡವರೊಬ್ಬರು ಹಗಲು ಬೆಳಕಿನಲ್ಲಿ ಅದರ ಮುಂದೆ ನಿಂತು, ತಾರೀಖಿನ ಅಂಕಿಗಳು ಓದಲು ಬರುವಷ್ಟು ದೂರ ಹಿಂದೆ ಹಿಂದೆ ಸರಿಯಿರಿ. ಅದೇ ಜಾಗದಲ್ಲಿ ಮಗುವನ್ನು ನಿಲ್ಲಿಸಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ. ಬೆರಳಿಂದ ಮುಚ್ಚಿದರೆ ಸಂದಿಯಲ್ಲಿ ನೋಡಿಬಿಡುತ್ತವೆ, ಗುಡ್ಡೆಯನ್ನು ಒತ್ತಲೂಬಾರದು. ನೀವು ತೋರಿಸಿದ ಅಂಕಿಯನ್ನು ಮಗು ಹೇಳಬೇಕು. ಆಮೇಲೆ ಇನ್ನೊಂದು ಕಣ್ಣು. ಸಾಲಾಗಿ ಕೇಳಬೇಡಿ, 7 ಆದಮೇಲೆ 8 ಅಂತ ಎಲ್ಲ ಮಕ್ಕಳಿಗೂ ಗೊತ್ತು.

ಒಂದೊಂದೇ ಕಣ್ಣು ನೋಡುವುದು ಬಹಳ ಮುಖ್ಯ. ಒಂದು ಕಣ್ಣು ಸರಿಯಿದ್ದು ಇನ್ನೊಂದಕ್ಕೆ ಹೆಚ್ಚು ನಂಬರ್ ಇರುವ ಮಗು ಎರಡೂ ತೆರೆದು ನೋಡಿದಾಗ ಎಲ್ಲವನ್ನೂ ಸರಿಯಾಗಿ ಓದುತ್ತದೆ. ಕಾಣದ ಕಣ್ಣನ್ನು ಮಿದುಳು ಬಳಸುವುದನ್ನೇ ಬಿಟ್ಟು, ಅದು ಸೋಮಾರಿ ಕಣ್ಣಾಗುತ್ತದೆ. ಏಳೆಂಟು ವರ್ಷದೊಳಗೆ ಗೊತ್ತಾದರೆ ಚೆನ್ನಾಗಿ ಸರಿಪಡಿಸಬಹುದು, ತಡವಾದಷ್ಟೂ ಕಷ್ಟ.

ಇನ್ನೊಂದು ಉಪಾಯ ದೊಡ್ಡವರಿಗೂ ಆಗುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ದಪ್ಪ ಸೂಜಿಯಿಂದ ಒಂದು ಸಣ್ಣ ತೂತು ಮಾಡಿ, ಅದರಲ್ಲಿ ದೂರದ ಬೋರ್ಡು ನೋಡಿ. ಮಸುಕಾಗಿದ್ದದ್ದು ಸ್ಪಷ್ಟವಾದರೆ ಹೆಚ್ಚಾಗಿ ಕನ್ನಡಕದಿಂದ ಸರಿಹೋಗುವ ತೊಂದರೆ. ತೂತಿನಲ್ಲೂ ಸ್ಪಷ್ಟವಾಗದಿದ್ದರೆ ಕನ್ನಡಕದ ಅಂಗಡಿಗೆ ಹೋಗದೆ ನೇರ ಕಣ್ಣಿನ ವೈದ್ಯರ ಹತ್ತಿರ ಹೋಗಿ. ನಾವೂ ಪರೀಕ್ಷೆಯಲ್ಲಿ ಇದನ್ನೇ ತೂತಿನ ತಟ್ಟೆ ಹಿಡಿದು ಮಾಡುತ್ತೇವೆ.

ಇದೆಲ್ಲ ಅನುಮಾನ ಮೂಡಿಸಲಿಕ್ಕೆ ಮಾತ್ರ. ಮನೆಯಲ್ಲಿ ಸರಿಯಾಗಿ ಓದಿದರೂ ಶಾಲೆಗೆ ಸೇರಿಸುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಅಪ್ಪ ಅಮ್ಮ ಇಬ್ಬರಿಗೂ ಮೈನಸ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಮಗು ಅವತ್ತು ರಜೆ ಹಾಕದಂತೆ ನೋಡಿಕೊಳ್ಳಿ. ಅವರು ಬರೆದುಕೊಟ್ಟ ಚೀಟಿ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಬಾಕಿ ಉಳಿಯುತ್ತದೆ. ಬಹಳ ಮಕ್ಕಳ ಕಥೆ ಅಲ್ಲಿಗೇ ನಿಲ್ಲುತ್ತದೆ.

ಪರೀಕ್ಷೆಯ ಕುರ್ಚಿಯಲ್ಲಿ

ಕಂಪ್ಯೂಟರ್ ಪರೀಕ್ಷೆಯ ಚೀಟಿ ಕನ್ನಡಕದ ನಂಬರ್ ಅಲ್ಲ, ಅದು ಆರಂಭ. ಮಕ್ಕಳ ಕಣ್ಣಿನ ಒಳಸ್ನಾಯು ಬಹಳ ಚುರುಕು. ಯಂತ್ರದೊಳಗೆ ನೋಡುವಾಗ ಬಿಗಿಹಿಡಿದು ಇಲ್ಲದ ಮೈನಸ್ ತೋರಿಸುತ್ತದೆ. ಅದಕ್ಕೇ ಮಕ್ಕಳಿಗೆ ಡ್ರಾಪ್ಸ್ ಹಾಕಿ ಆ ಸ್ನಾಯುವನ್ನು ಸಡಿಲ ಮಾಡಿ ನೋಡಬೇಕು. ಪಾಪೆ ಅಗಲವಾಗುತ್ತದೆ, ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಂಜಾಗುತ್ತದೆ. ಯಾವ ಔಷಧಿ ಎಂಬುದರ ಮೇಲೆ ಇದು ಒಂದು ದಿನವೂ ಇರಬಹುದು, ಅಟ್ರೋಪಿನ್ ಮುಲಾಮು ಹಾಕಿದ್ದರೆ ವಾರ ದಾಟಲೂಬಹುದು. ‘ಡ್ರಾಪ್ಸ್ ಬೇಡ, ಸುಮ್ನೆ ನಂಬರ್ ಕೊಡಿ’ ಎನ್ನಬೇಡಿ. ಡ್ರಾಪ್ಸ್ ಹಾಕದೆ ಮೊದಲ ಕನ್ನಡಕ ಬರೆಸಿಕೊಂಡು, ಬೇಡದ ಅರ್ಧ ನಂಬರ್ ಹೊತ್ತು ತಲೆನೋವು ಎಂದು ಬರುವ ಮಕ್ಕಳನ್ನು ನೋಡುತ್ತಿರುತ್ತೇನೆ.

ಚಾರ್ಟಿನ ಸಾಲುಗಳನ್ನು 6/60, 6/18, 6/6 ಎಂದು ಬರೆಯುತ್ತೇವೆ. 6/18 ಅಂದರೆ ಸರಿಯಾದ ಕಣ್ಣು 18 ಮೀಟರಿನಿಂದ ಓದುವ ಅಕ್ಷರವನ್ನು ನಿಮ್ಮ ಕಣ್ಣು 6 ಮೀಟರಿಗೆ ಬಂದು ಓದುತ್ತಿದೆ ಎಂದು. ಈ ಚಾರ್ಟನ್ನು ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಮಾಡಿದ್ದು, ಇವತ್ತಿಗೂ ಅದೇ ಲೆಕ್ಕ.

ಗಾಜು ಬದಲಿಸುತ್ತ ‘ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ’ ಎಂದು ಕೇಳಿದಾಗ ಒಂದನ್ನು ಗಮನಿಸಿ ಹೇಳಿ. ಅಕ್ಷರ ಸ್ಪಷ್ಟವಾಗುವುದು ಬೇರೆ, ಚಿಕ್ಕದಾಗಿ ಕಪ್ಪಾಗುವುದು ಬೇರೆ. ಚಿಕ್ಕದಾಗಿ ಕಪ್ಪಾಯಿತು ಎಂದರೆ ಮೈನಸ್ ಹೆಚ್ಚಾಯಿತು ಎಂದು ನಮಗೆ ಗೊತ್ತಾಗುತ್ತದೆ. ಕೆಂಪು ಹಸಿರು ಬಣ್ಣದ ಚಾರ್ಟು ತೋರಿಸುವುದೂ ಇದಕ್ಕೇ. ಹಸಿರಿನ ಮೇಲಿನ ಅಕ್ಷರ ಹೆಚ್ಚು ಸ್ಪಷ್ಟ ಅಂದರೆ ಮೈನಸ್ ಇಳಿಸಬೇಕು, ಕೆಂಪಿನದು ಸ್ಪಷ್ಟ ಅಂದರೆ ಇನ್ನೂ ಸ್ವಲ್ಪ ಬೇಕು. ತಪ್ಪು ಉತ್ತರ ಎಂಬುದಿಲ್ಲ, ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಕರೆತನ್ನಿ. ಪರೀಕ್ಷೆ ಎಂಬ ಮಾತಿಗೇ ಹೆದರಿ ಕೆಲವು ಮಕ್ಕಳು ಊಹಿಸಿ ಓದುತ್ತವೆ.

ಚೀಟಿಯಲ್ಲಿ ಸ್ಫಿಯರ್ ಎಂಬ ಕಾಲಮ್ಮಿನಲ್ಲಿ ಮೈನಸ್ ಇದ್ದರೆ ಅದೇ ನಾವು ಮಾತಾಡುತ್ತಿರುವ ನಂಬರ್. ಸಿಲಿಂಡರ್, ಆಕ್ಸಿಸ್ ಎಂದು ಬರೆದಿದ್ದರೆ ಕಾರ್ನಿಯಾ ಒಂದು ದಿಕ್ಕಿನಲ್ಲಿ ಹೆಚ್ಚು ಬಾಗಿದೆ ಎಂದು. ಆ ಆಕ್ಸಿಸ್ಸಿನ ಡಿಗ್ರಿ ಗಾಜು ಕೂರಿಸುವಾಗ ತಪ್ಪಿದರೆ ನೆಲ ಓರೆಯಾಗಿ ಕಾಣುತ್ತದೆ.

ದೊಡ್ಡವರು ತಮ್ಮ ನಂಬರಿನ ಅರ್ಥವನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಪೇಪರಿನ ಸಣ್ಣ ಅಕ್ಷರವನ್ನು ಮುಖದ ಹತ್ತಿರದಿಂದ ದೂರಕ್ಕೆ ಸರಿಸುತ್ತ ಹೋಗಿ. ಎಲ್ಲಿ ಮಸುಕಾಗಲು ಶುರುವಾಯಿತೋ ಆ ದೂರವನ್ನು ಟೇಪಿನಲ್ಲಿ ಸೆಂಟಿಮೀಟರಿನಲ್ಲಿ ಅಳೆದು, 100ನ್ನು ಅದರಿಂದ ಭಾಗಿಸಿ. 50 ಸೆಂ.ಮೀ. ಅಂದರೆ ಹತ್ತಿರಹತ್ತಿರ ಮೈನಸ್ 2, 25 ಸೆಂ.ಮೀ. ಅಂದರೆ ಮೈನಸ್ 4. ಮೈನಸ್ 4 ಇರುವ ಮಗುವಿಗೆ ಕನ್ನಡಕ ಇಲ್ಲದಿದ್ದರೆ ಲೋಕ ಒಂದು ಗೇಣಿನಾಚೆ ಮುಗಿಯುತ್ತದೆ.

ಮಕ್ಕಳ ಕನ್ನಡಕ

ಗಾಜು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದಿರಲಿ. ಬಿದ್ದರೆ, ಚೆಂಡು ಬಡಿದರೆ ಸುಲಭವಾಗಿ ಚೂರಾಗುವುದಿಲ್ಲ. ಫ್ರೇಮು ಮೂಗಿನ ಮೇಲೆ ಕೂರಬೇಕು, ಕೆಳಗೆ ಜಾರಿದರೆ ಮಗು ಗಾಜಿನ ಮೇಲಿಂದ ನೋಡಲು ಕಲಿಯುತ್ತದೆ. ಎರಡು ಪಾಪೆಗಳ ನಡುವಿನ ಅಳತೆ ತೆಗೆದುಕೊಂಡು ಗಾಜಿನ ನಡುಭಾಗವನ್ನು ಪಾಪೆಯ ನೇರಕ್ಕೆ ಕೂರಿಸಿದ್ದಾರೆಯೇ ಎಂದು ಅಂಗಡಿಯಲ್ಲಿ ಕೇಳಿ. ನಂಬರ್ ಹೆಚ್ಚಿದ್ದರೆ ಚಿಕ್ಕ ಫ್ರೇಮು ಆರಿಸಿ. ದೊಡ್ಡ ಫ್ರೇಮಿನಲ್ಲಿ ಅಂಚು ದಪ್ಪವಾಗಿ ಭಾರವಾಗುತ್ತದೆ. ಸೆರಗಿನಿಂದಲೋ ಅಂಗಿಯ ತುದಿಯಿಂದಲೋ ಒಣಗಾಜು ಒರೆಸಿದರೆ ಧೂಳೇ ಗೀರುತ್ತದೆ. ನೀರು ಹಾಕಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ತೊಳೆದು, ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ.

ಬೆಳೆಯುವ ವೇಗ ತಗ್ಗಿಸಲು ಮೊದಲ ಔಷಧಿ ಬಯಲು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಇದಕ್ಕೆ ದುಡ್ಡು ಬೇಡ, ಆದರೂ ಯಾರೂ ಮಾಡುತ್ತಿಲ್ಲ.

ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಕಳೆಯುವ ಪೀರಿಯಡ್ ಇಟ್ಟರು. ಮೂರು ವರ್ಷದ ಬಳಿಕ ಆ ಮಕ್ಕಳಲ್ಲಿ ಹೊಸದಾಗಿ ಮೈನಸ್ ಬಂದವರು ಶೇ. 30ರಷ್ಟು, ಹೊರಗೆ ಬಿಡದ ಶಾಲೆಗಳಲ್ಲಿ ಶೇ. 39ಕ್ಕೂ ಹೆಚ್ಚು. ಇದು 2015ರಲ್ಲಿ ಪ್ರಕಟವಾಯಿತು. ತೈವಾನಿನಲ್ಲಿ 2010ರಿಂದಲೇ ಶಾಲಾಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಗೆ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಕಾರಣ ಬೆಳಕು. ನಮ್ಮ ತರಗತಿಯ ಕೋಣೆಯಲ್ಲಿ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಬೆಳಕಿದ್ದರೆ ಹೆಚ್ಚು, ಹೊರಗಿನ ಹಗಲಿನಲ್ಲಿ ಸಾವಿರ ಸಾವಿರ. ಜೋರು ಬೆಳಕು ಬಿದ್ದಾಗ ರೆಟಿನಾದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಗುಡ್ಡೆಯ ಅತಿಬೆಳವಣಿಗೆಗೆ ತಡೆ ಹಾಕುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ದಿನಕ್ಕೆ ಎರಡು ಗಂಟೆ ಎಂದರೆ ಗಾಬರಿ ಬೇಡ, ಒಟ್ಟಿಗೇ ಆಗಬೇಕಿಲ್ಲ. ನಡೆದು ಶಾಲೆಗೆ ಹೋಗುವುದು, ಊಟದ ಬಿಡುವು, ಸಂಜೆಯ ಆಟ ಎಲ್ಲ ಸೇರಿ. ಹೊಂಗೆ ಮರದ ನೆರಳಿನಲ್ಲಿ ಕೂತರೂ ಬೆಳಕು ಸಾಕಷ್ಟು ಸಿಗುತ್ತದೆ, ಟೋಪಿ ಹಾಕಿದರೂ ಅಡ್ಡಿಯಿಲ್ಲ. ಸೂರ್ಯನನ್ನು ದಿಟ್ಟಿಸುವುದು ಮಾತ್ರ ಕೂಡದು, ಅದು ರೆಟಿನಾ ಸುಡುತ್ತದೆ. ಒಳಾಂಗಣದ ಬ್ಯಾಡ್ಮಿಂಟನ್ ಕ್ಲಾಸು ಈ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವುದು ರೂಢಿಯಾಗಿದೆ. ಪೋಷಕರ ಸಭೆಯಲ್ಲಿ ಎದ್ದುನಿಂತು ಅದನ್ನು ಕೇಳಿ. ನಾಲ್ಕಕ್ಕೆ ಶಾಲೆ ಬಿಟ್ಟು ಐದಕ್ಕೆ ಟ್ಯೂಷನ್ ಎಂದರೆ ಆ ಮಗು ಬೆಳಕು ಕಾಣುವುದೆಂದು?

ಹೊರಗಿನ ಬೆಳಕಿನ ಉಪಯೋಗ ಇನ್ನೂ ನಂಬರ್ ಬಾರದ ಮಕ್ಕಳಿಗೇ ಹೆಚ್ಚು. ಬಂದಮೇಲೆ ಏರಿಕೆ ತಡೆಯುವ ಶಕ್ತಿ ಕಡಿಮೆ. ಆದ್ದರಿಂದ ಮೂರು ವರ್ಷದಿಂದಲೇ ಶುರು ಮಾಡಿ.

ಹತ್ತಿರದ ಕೆಲಸಕ್ಕೂ ಮಿತಿ ಬೇಕು. ಪುಸ್ತಕ ಕಣ್ಣಿಂದ ಕನಿಷ್ಠ 30 ಸೆಂ.ಮೀ. ದೂರ, ಮಗು ಗಲ್ಲದ ಕೆಳಗೆ ಮುಷ್ಟಿ ಇಟ್ಟು ಮೊಣಕೈ ಮೇಜಿನ ಮೇಲೆ ಊರಿದರೆ ಸಿಗುವ ದೂರ ಹತ್ತಿರಹತ್ತಿರ ಅಷ್ಟೇ. ಅರ್ಧ ಗಂಟೆಗೊಮ್ಮೆ ಎದ್ದು ಕಿಟಕಿಯಾಚೆ ನೋಡಲಿ. ಕಾರ್ಟೂನ್ ತೋರಿಸಲೇಬೇಕಾದರೆ ಮೊಬೈಲಿನ ಬದಲು ಹತ್ತಡಿ ದೂರದ ಟಿ.ವಿ.ಯಲ್ಲಿ ತೋರಿಸಿ. ಹೊದಿಕೆಯೊಳಗೆ ಮಲಗಿ ಮೊಬೈಲ್ ನೋಡುವ ಮಗು ಅದನ್ನು 15 ಸೆಂ.ಮೀ.ಗೆ ತಂದುಕೊಂಡಿರುತ್ತದೆ.

ಇಷ್ಟಾದರೂ ವರ್ಷಕ್ಕೆ ಅರ್ಧ, ಮುಕ್ಕಾಲು, ಒಂದು ಎಂದು ಏರುತ್ತಿದ್ದರೆ ವೈದ್ಯರನ್ನು ಅಟ್ರೋಪಿನ್ ಬಗ್ಗೆ ಕೇಳಿ. ಶೇ. 0.01ರಿಂದ 0.05ರಷ್ಟು ತೆಳುವಾದ ಡ್ರಾಪ್ಸ್, ರಾತ್ರಿ ಮಲಗುವಾಗ ಒಂದೊಂದು ಹನಿ. ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ಇದರ ಮೇಲೆ ದೊಡ್ಡ ಅಧ್ಯಯನಗಳಾಗಿವೆ. ಹಾಂಗ್‌ಕಾಂಗಿನಲ್ಲಿ ಮೂರು ಪ್ರಮಾಣ ಹೋಲಿಸಿದಾಗ 0.05 ಹೆಚ್ಚು ಕೆಲಸ ಮಾಡಿತು. ನಂಬರ್ ಇಳಿಯುವುದಿಲ್ಲ, ಏರಿಕೆ ನಿಧಾನವಾಗುತ್ತದೆ. ಎರಡು ವರ್ಷವಾದರೂ ಹಾಕಬೇಕಾಗುತ್ತದೆ, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು. ಇದೊಂದನ್ನು ಕೈಮುಗಿದು ಹೇಳುತ್ತೇನೆ: ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಶೇ. 1ರ ಅಟ್ರೋಪಿನ್ ಬೇರೆ, ಅದು 0.01ಕ್ಕಿಂತ ನೂರು ಪಟ್ಟು ಗಟ್ಟಿ. ಬಾಟಲಿಯ ಮೇಲಿನ ಸೊನ್ನೆಗಳನ್ನು ಓದಿ ನೋಡಿಯೇ ಹಾಕಿ.

ನಡುವೆ ಪೂರ್ತಿ ನಂಬರ್, ಸುತ್ತ ನೂರಾರು ಪುಟ್ಟ ಮಸೂರಗಳಿರುವ ವಿಶೇಷ ಗಾಜುಗಳೂ ಬಂದಿವೆ. ಹಾಂಗ್‌ಕಾಂಗಿನ ಮಕ್ಕಳಲ್ಲಿ ಎರಡು ವರ್ಷ ನೋಡಿದಾಗ ಇಂಥ ಒಂದು ಗಾಜು ಏರಿಕೆಯನ್ನು ಅರ್ಧದಷ್ಟು ತಗ್ಗಿಸಿತ್ತು. ಬೆಲೆ ಸಾಧಾರಣ ಗಾಜಿನ ಎಷ್ಟೋ ಪಟ್ಟು. ಅನುಕೂಲ ಇದ್ದವರು ಹಾಕಿಸಿ. ಇಲ್ಲದವರು ಸಾಲ ಮಾಡಬೇಡಿ, ಡ್ರಾಪ್ಸ್ ಮತ್ತು ಬಯಲು ನಿಮಗಿದೆ. ರಾತ್ರಿ ಹಾಕಿ ಮಲಗುವ ಗಟ್ಟಿ ಲೆನ್ಸೂ ಇದೆ, ಆದರೆ ಶುಚಿ ತಪ್ಪಿದರೆ ಕಾರ್ನಿಯಾಕ್ಕೆ ಸೋಂಕು.

ಕ್ಯಾರೆಟ್ ತಿಂದರೆ ನಂಬರ್ ಇಳಿಯುವುದಿಲ್ಲ. ಎ ಜೀವಸತ್ವದ ಕೊರತೆಯಿಂದ ಬರುವುದು ಇರುಳುಗುರುಡು, ಅದು ಬೇರೆ. ನೀಲಿ ಬೆಳಕು ತಡೆಯುವ ಗಾಜಿನಿಂದ ಮೈನಸ್ ನಿಲ್ಲುತ್ತದೆ ಎನ್ನಲು ಆಧಾರವಿಲ್ಲ. ಕಣ್ಣಿಗೆ ಜೇನುತುಪ್ಪ, ಈರುಳ್ಳಿ ರಸ, ಎದೆಹಾಲು ಬಿಡಬೇಡಿ.

ದೊಡ್ಡವರಿಗೆ

ಸಾಮಾನ್ಯವಾಗಿ ನಂಬರ್ ಹದಿನೆಂಟು ಇಪ್ಪತ್ತರ ಹೊತ್ತಿಗೆ ನಿಧಾನವಾಗಿ ನಿಲ್ಲುತ್ತದೆ. ಇಡೀ ದಿನ ಕಂಪ್ಯೂಟರ್ ಮುಂದಿರುವ ಕೆಲವರಿಗೆ ಇಪ್ಪತ್ತೈದರವರೆಗೂ ಅಲ್ಪಸ್ವಲ್ಪ ಏರಬಹುದು. ಅದಾದಮೇಲೆ ಏರಿದರೆ ಗಾಜು ಬದಲಿಸುವ ಮೊದಲು ಏಕೆ ಎಂದು ಕೇಳಿ. ನಂಬರ್ ದಿನಕ್ಕೊಂದು ಥರ ಆಗುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ; ರಕ್ತದ ಸಕ್ಕರೆ ಏರಿಳಿದರೆ ಒಳಗಿನ ಮಸೂರವೂ ಬದಲಾಗುತ್ತದೆ. ಹದಿಹರೆಯದಲ್ಲಿ, ಇಪ್ಪತ್ತರಲ್ಲಿ ಸಿಲಿಂಡರ್ ಪದೇಪದೇ ಏರುತ್ತಿದ್ದು, ಅಲರ್ಜಿಯಿಂದ ಕಣ್ಣು ಉಜ್ಜುವ ಅಭ್ಯಾಸವಿದ್ದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೊಕೋನಸ್ ಇರಬಹುದು. ಅದಕ್ಕೆ ಕಾರ್ನಿಯಾದ ನಕ್ಷೆ ತೆಗೆಯುವ ಸ್ಕ್ಯಾನ್ ಬೇಕು. ಅರವತ್ತು ದಾಟಿದ ತಾತ ‘ನಂಗೀಗ ಕನ್ನಡಕವಿಲ್ದೆ ಪೇಪರ್ ಓದಕ್ಕೆ ಬತ್ತದೆ’ ಎಂದು ಖುಷಿಪಟ್ಟರೆ ಪರೀಕ್ಷೆಗೆ ಕರೆತನ್ನಿ. ಒಳಗಿನ ಮಸೂರ ಗಟ್ಟಿಯಾಗಿ ಪೊರೆ ಬರುತ್ತ ಮೈನಸ್ ಬಂದಿರುತ್ತದೆ, ಕಾಲ ಕಳೆದಂತೆ ದೂರ, ಹತ್ತಿರ ಎರಡೂ ಮಸುಕಾಗುತ್ತದೆ.

ನಲವತ್ತರ ನಂತರ ಓದುವ ಕನ್ನಡಕ ಮೈನಸ್ ಇದ್ದವರಿಗೂ ಬೇಕಾಗುತ್ತದೆ. ಮೈನಸ್ ಎರಡೂವರೆ ಆಸುಪಾಸಿನವರು ಕನ್ನಡಕ ತೆಗೆದು ಆರಾಮಾಗಿ ಓದಬಹುದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ನಲ್ಲಿ ನೀರು ಸೋಕಿಸಬೇಡಿ, ಹಾಕಿಕೊಂಡು ಕೆರೆ, ಈಜುಕೊಳಕ್ಕೆ ಇಳಿಯಬೇಡಿ, ಮಲಗಬೇಡಿ.

ನಂಬರ್ ತೆಗೆಸುವ ಲೇಸರ್ ಚಿಕಿತ್ಸೆ ಮಾಡಿಸಲು 18 ತುಂಬಿರಬೇಕು, ನಂಬರ್ ಕನಿಷ್ಠ ಒಂದು ವರ್ಷ ಬದಲಾಗದೆ ನಿಂತಿರಬೇಕು, ಕಾರ್ನಿಯಾ ಸಾಕಷ್ಟು ದಪ್ಪವಿರಬೇಕು. ಅಳತೆಗೆ ಹೋಗುವ ಮೊದಲು ಎಷ್ಟು ದಿನ ಕಾಂಟ್ಯಾಕ್ಟ್ ಲೆನ್ಸ್ ಬಿಡಬೇಕು ಎಂದು ಕೇಳಿಕೊಳ್ಳಿ. ಮದುವೆ ದಿನಾಂಕ ಗೊತ್ತಾದಮೇಲೆ ಓಡಿಬರುವವರು ಬಹಳ. ಆ ಅವಸರದಲ್ಲಿ ಮಾಡಿಸಬೇಡಿ, ಕಣ್ಣು ಒಣಗುವುದು, ರಾತ್ರಿ ದೀಪದ ಸುತ್ತ ಪ್ರಭೆ ಕಾಣುವುದು ಕೆಲವು ತಿಂಗಳು ಇರಬಹುದು. ಲೇಸರ್ ಕಾರ್ನಿಯಾದ ಬಾಗು ತಿದ್ದುತ್ತದೆ, ಕಣ್ಣಿನ ಉದ್ದ ಹಾಗೇ ಇರುತ್ತದೆ. ಉದ್ದವಾದ ಕಣ್ಣಿನಲ್ಲಿ ರೆಟಿನಾ ಎಳೆದು ತೆಳುವಾಗಿರುತ್ತದೆ. ಮೈನಸ್ 6 ದಾಟಿದವರು, ಲೇಸರ್ ಆಗಿದ್ದರೂ, ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ರೆಟಿನಾ ನೋಡಿಸಿಕೊಳ್ಳಲೇಬೇಕು. ಕಣ್ಣಿನ ಒತ್ತಡವನ್ನೂ ಅಳೆಸಿಕೊಳ್ಳಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಇವರಲ್ಲಿ ಹೆಚ್ಚು. ಮಿಂಚು ಹೊಡೆದಂತೆ ಬೆಳಕು, ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳ ಸುರಿಮಳೆ, ಒಂದು ಬದಿಯಿಂದ ಪರದೆ ಎಳೆದಂತೆ ಕತ್ತಲು ಬಂದರೆ ಅವತ್ತೇ ಹೊರಡಿ. ನೋವಿರುವುದಿಲ್ಲ, ಆದ್ದರಿಂದ ನಾಳೆ ನೋಡೋಣ ಎನಿಸುತ್ತದೆ. ರೆಟಿನಾ ಹರಿದಷ್ಟರಲ್ಲೇ ಬಂದರೆ ಲೇಸರಿನಿಂದ ಬೆಸೆಯಬಹುದು. ಪೂರ್ತಿ ಕಳಚಿದರೆ ದೊಡ್ಡ ಆಪರೇಷನ್, ಮೊದಲಿನ ದೃಷ್ಟಿ ಬರುವ ಖಾತ್ರಿಯಿಲ್ಲ.

ಪರೀಕ್ಷೆಗೆ ಬರುವಾಗ ಹಳೆಯ ಕನ್ನಡಕ, ಹಳೆಯ ಚೀಟಿ ಎರಡನ್ನೂ ತನ್ನಿ. ಚೀಟಿ ಕೊಟ್ಟ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆರು ತಿಂಗಳಲ್ಲಿ ಎಷ್ಟು ಏರಿತು ಎಂಬುದು ಗೊತ್ತಾದರೇ ಡ್ರಾಪ್ಸ್ ಬೇಕೋ ಬೇಡವೋ ಹೇಳಲು ಸಾಧ್ಯ. ಮಗುವಿಗೆ ಮಾರನೇ ದಿನ ಪರೀಕ್ಷೆ ಇಟ್ಟುಕೊಂಡು ಬರಬೇಡಿ, ಡ್ರಾಪ್ಸ್ ಹಾಕಿದಮೇಲೆ ಓದಲಾಗುವುದಿಲ್ಲ. ಬಿಸಿಲಿಗೆ ಒಂದು ಟೋಪಿ ಇರಲಿ. ಅಣ್ಣನಿಗೆ ಮೈನಸ್ ಬಂದಿದ್ದರೆ ಏನೂ ದೂರು ಹೇಳದ ತಂಗಿಯನ್ನೂ ಅದೇ ದಿನ ಜೊತೆಗೆ ಕರೆತನ್ನಿ.